ಬೀದಿಯ ಚಿತ್ರ ಯಾರ ಸ್ವತ್ತು?



2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟರು. ದೂರದವರು ಅದನ್ನು ಕಂಡದ್ದು ಛಾಯಾಚಿತ್ರಗಳಲ್ಲಿ. ಮೊಸಳೆ ಹೋಯಿತು, ಚಿತ್ರ ಉಳಿಯಿತು. ಅಂಥ ಚಿತ್ರ ಯಾರದು? ತೆಗೆದವರದೋ, ಮೊಸಳೆ ಮಾಡಿದವರದೋ?

ಇಬ್ಬರದೂ ಹೌದು. ಬೆಳಕು, ಕೋನ, ಕ್ಷಣ ಆರಿಸಿದ ಶ್ರಮ ನಿಮ್ಮದು. ಕಲ್ಪನೆಗೆ ರೂಪ ಕೊಟ್ಟ ಶ್ರಮ ಕಲಾವಿದರದು.

ಬೀದಿಯಲ್ಲಿರುವುದೆಲ್ಲ ಎಲ್ಲರ ಸ್ವತ್ತು ಎಂಬುದು ಅರ್ಧ ಸತ್ಯ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪದ ಛಾಯಾಚಿತ್ರ ಪ್ರಕಟಿಸಲು ಅವಕಾಶ ಕೊಡುತ್ತದೆ. ಗೋಡೆಯ ವರ್ಣಚಿತ್ರವನ್ನು ಆ ಸಾಲಿನಲ್ಲಿ ಸೇರಿಸಿಲ್ಲ. ನಾಲ್ಕು ದಿನದ ಮೊಸಳೆಯನ್ನು ಶಾಶ್ವತವೆನ್ನುವುದೂ ಕಷ್ಟ. ಸ್ವಂತ ಅಧ್ಯಯನಕ್ಕೆ, ವಿಮರ್ಶೆಗೆ, ಸುದ್ದಿಗೆ ನ್ಯಾಯೋಚಿತವಾಗಿ ಬಳಸಲು ಅಡ್ಡಿಯಿಲ್ಲ. ಕ್ಯಾಲೆಂಡರಿಗೆ ಮಾರುವುದಾದರೆ ಕಲಾವಿದರ ಒಪ್ಪಿಗೆ ಕೇಳಬೇಕು.

ಇನ್ನೊಂದು ಮಾತು. ಇದೇ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಸ್ವಾಮ್ಯವನ್ನು ಬೇರೆಯವರಿಗೆ ಕೊಟ್ಟ ಮೇಲೂ 'ಇದು ನನ್ನ ಕೃತಿ' ಎನ್ನುವ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ.

ಆದ್ದರಿಂದ ಕ್ಯಾಮೆರಾ ಎತ್ತುವಾಗ ಗೋಡೆಯ ಮೂಲೆಯಲ್ಲಿರುವ ಸಹಿಯನ್ನು ಕತ್ತರಿಸಬೇಡಿ. ಸಹಿ ಕಾಣದಿದ್ದರೆ ಪಕ್ಕದ ಅಂಗಡಿಯವರನ್ನು ವಿಚಾರಿಸಿ. ಚಿತ್ರದ ಕೆಳಗೆ ಎರಡು ಹೆಸರಿಗೆ ಜಾಗವಿದೆ: ಬರೆದವರದು, ತೆಗೆದವರದು.