ಕಬ್ಬಿಣದ ಕೊಕ್ಕರೆ, ಮಲ್ಲಿಗೆಯ ಬಳ್ಳಿ

(ಬಾನುಲಿ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಉದ್ಯಾನಶಿಲ್ಪವೆಂದರೆ ಕೆಲವರಿಗೆ ನಗೆ ಬರಬಹುದು. ಬೇಸಗೆಯಲ್ಲಿ ನೀರಿಗಾಗಿ ಕೊಡಗಳ ಸಾಲು ನಿಲ್ಲುವ ಊರುಗಳಲ್ಲಿ ಉದ್ಯಾನವೆಲ್ಲಿಯದು? ಆದರೂ ಬಚ್ಚಲ ನೀರು ಹರಿಯುವೆಡೆಯಲ್ಲಿ ಒಂದು ಕರಿಬೇವು, ಒಂದು ದಾಸವಾಳ, ಒಂದು ಮಲ್ಲಿಗೆ ಇರದ ಮನೆ ಇಲ್ಲಿ ಅಪರೂಪ. ನಾನು ಕಬ್ಬಿಣದಲ್ಲಿ ಹಕ್ಕಿ, ಬಳ್ಳಿ, ಎಲೆಗಳನ್ನು ಮಾಡಿ ನಿಲ್ಲಿಸುವುದು ಇಂತಹ ಹಿತ್ತಲುಗಳಲ್ಲಿ, ಅಂಗಳಗಳಲ್ಲಿ.

ನಮ್ಮದು ಕಮ್ಮಾರರ ಮನೆ. ಮುಂಗಾರಿಗೆ ಮುನ್ನ ನಮ್ಮ ಕುಲುಮೆಯ ಮುಂದೆ ನೇಗಿಲ ಗುಳ, ಕುಂಟೆಯ ಕುಡ ಹಿಡಿದು ರೈತರು ಸಾಲುಗಟ್ಟಿ ಕೂರುತ್ತಿದ್ದುದನ್ನು ನಾನು ಕಂಡಿದ್ದೇನೆ. ಕೂಲಿಯೆಂದು ಹಣವಿಲ್ಲ, ಸುಗ್ಗಿಯಲ್ಲಿ ಆಯದ ಜೋಳ. ಟ್ರ್ಯಾಕ್ಟರುಗಳು ಬಂದವು, ತಿದಿ ಮೂಲೆ ಸೇರಿತು. ನಾನು ಬೆಸುಗೆ ಯಂತ್ರ ಕೊಂಡು ಕಿಟಕಿ, ಬಾಗಿಲುಗಳ ಕೆಲಸ ಹಿಡಿದೆ. ಗುಜರಿಯಲ್ಲಿ ರಾಶಿ ಬಿದ್ದಿದ್ದ ಹಳೆಯ ಕುಡಗಳನ್ನು ನೋಡುನೋಡುತ್ತ ಒಂದು ದಿನ ಅವುಗಳಲ್ಲಿ ರೆಕ್ಕೆಗಳು ಕಾಣತೊಡಗಿದವು. ಮೊದಲ ಹಕ್ಕಿಯನ್ನು ಕಂಡ ತಂದೆಯವರು ಕೇಳಿದ್ದು ಒಂದೇ ಮಾತು: "ಇದು ಯಾತಕ್ಕ ಬರ್ತೈತಿ ತಮ್ಮಾ?" ಉತ್ತರ ನನ್ನಲ್ಲಿ ಇರಲಿಲ್ಲ. ಐವತ್ತು ವರ್ಷ ನೆಲ ಉಳುವ ಕಬ್ಬಿಣವನ್ನೇ ಬಡಿದವರು ಅವರು. ಆ ಪ್ರಶ್ನೆ ಬಹುಕಾಲ ನನ್ನನ್ನು ಚುಚ್ಚಿತು.

ಬಣ್ಣದ ಕೊಕ್ಕರೆಯನ್ನು ಮಾಡಬೇಕೆಂದು ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರದ ಕೆರೆಗೆ ಹೋದೆ. ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುವ ಆ ತಾಣ ಸುಮಾರು 99 ಹೆಕ್ಟೇರಿನಷ್ಟಿದೆ. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ನನ್ನ ಅಜ್ಞಾನ ಬಯಲಾಯಿತು. ಕೊಕ್ಕರೆಯ ಮೊಣಕಾಲು ಹಿಂದಕ್ಕೆ ಮಡಚುತ್ತದೆಂದು ನಾನು ತಿಳಿದಿದ್ದೆ. ಹಾಗೆ ಮಡಚುವುದು ಮೊಣಕಾಲಲ್ಲ, ಹಿಮ್ಮಡಿಯ ಕೀಲು; ನಿಜವಾದ ಮೊಣಕಾಲು ಗರಿಗಳೊಳಗೆ ಮರೆಯಾಗಿರುತ್ತದೆ. ಅದನ್ನರಿತ ಮೇಲೆಯೇ ನನ್ನ ಕೊಕ್ಕರೆಗೆ ನಿಲ್ಲುವ ಭಂಗಿ ಬಂದದ್ದು. ಒಂಟಿಕಾಲಿನದಾದರೆ ಅಡಿಯಲ್ಲಿ ಅಗಲವಾದ ತಗಡನ್ನು ಬೆಸೆದು ಮೊಳದಾಳಕ್ಕೆ ಹೂಳಬೇಕು. ಇಲ್ಲದಿದ್ದರೆ ಆಷಾಢದ ಗಾಳಿಗೆ ಅದು ಮಲಗಿಬಿಡುತ್ತದೆ. ಸತುವಿನ ಲೇಪದ ಕೊಳವೆಗಳನ್ನು ಮಾತ್ರ ಮುಚ್ಚಿದ ಕೋಣೆಯಲ್ಲಿ ಬೆಸೆಯಬಾರದು. ಆ ಹೊಗೆ ಕುಡಿದು ಒಂದು ರಾತ್ರಿಯಿಡೀ ಚಳಿಜ್ವರದಲ್ಲಿ ನಡುಗಿದ ಮೇಲೆ ನನಗೆ ಈ ಬುದ್ಧಿ ಬಂದಿತು.

ಲೋಹಶಿಲ್ಪದ ದೊಡ್ಡವರ ವಿಷಯ ಬಲ್ಲವರಿಂದ ಕೇಳಿ ತಿಳಿದೆ. ಬೆಂಗಳೂರಿನಲ್ಲಿ ಹುಟ್ಟಿದ ಎಸ್. ನಂದಗೋಪಾಲ್ (1946–2017) ಮದರಾಸಿನ ಬಳಿ 1966ರಲ್ಲಿ ನೆಲೆಗೊಂಡ ಚೋಳಮಂಡಲ ಕಲಾಗ್ರಾಮದಲ್ಲಿ ತಾಮ್ರ, ಹಿತ್ತಾಳೆಗಳನ್ನು ಬೆಸೆದರು. ಬೆಂಗಳೂರಿನ ಬಾಲನ್ ನಂಬಿಯಾರರು ಬಲಮುರಿ ಶಂಖದ ಸುರುಳಿಯನ್ನು ತುಕ್ಕು ಹಿಡಿಯದ ಉಕ್ಕಿನಲ್ಲಿ ಅರಳಿಸಿದರು. ಆದರೆ ನನಗೆ ತುಕ್ಕಿನ ಮೇಲೆ ಮುನಿಸಿಲ್ಲ. ಸಂಡೂರಿನ ಗುಡ್ಡಗಳ ಅದಿರು, ನಮ್ಮ ಹೊಲಗಳ ಕೆಂಪು ಮಣ್ಣು, ಕಬ್ಬಿಣದ ತುಕ್ಕು, ಇವೆಲ್ಲ ಹತ್ತಿರದ ನೆಂಟರು. ಬಿಸಿ ಕಬ್ಬಿಣಕ್ಕೆ ಅಗಸೆ ಎಣ್ಣೆ ಬಳಿದು, ಆಮೇಲೆ ಅದರ ಪಾಡಿಗೆ ಅದನ್ನು ಬಿಡುತ್ತೇನೆ. ಬೆಳ್ಳಿಬಣ್ಣ ಬಳಿಯಿರೆನ್ನುವವರಿಗೆ ಕೈಮುಗಿದು ಇಲ್ಲವೆನ್ನುತ್ತೇನೆ. ಇದರಿಂದ ಗಿರಾಕಿಗಳು ಕೈತಪ್ಪಿದ್ದೂ ಉಂಟು.

ಈಗ ನನ್ನ ದೊಡ್ಡ ತಪ್ಪಿನ ಮಾತು. ಹಡಗಲಿಯ ಕಡೆಯ ಮನೆಯೊಂದರಿಂದ ಅಂಗಳಕ್ಕೊಂದು ಕಬ್ಬಿಣದ ಮರ ಬೇಕೆಂದು ಹೇಳಿಕಳಿಸಿದರು. ಹೊಲಗಳಲ್ಲಿ ಬೆಳೆಯುವ ಹಡಗಲಿ ಮಲ್ಲಿಗೆ ಪೊದೆಯಾಗಿ ಬೆಳೆಯುತ್ತದೆ. ಇವರ ಅಂಗಳದ್ದು ಹಬ್ಬುವ ಜಾತಿ. ಕುರುವತ್ತಿಯ ಮಲ್ಲಿಕಾರ್ಜುನ ದೇಗುಲದ ಮದನಿಕೆಯರನ್ನು ಸುತ್ತುವರಿದ ಲತೆಗಳನ್ನು ಎರಡು ದಿನ ಕುಳಿತು ನೋಡಿ, ಲಾರಿಯ ಕಮಾನುಪಟ್ಟಿಗಳನ್ನು ಕೊಂಬೆಗಳಾಗಿ ಬಾಗಿಸಿದೆ. ಮಾಘದಲ್ಲಿ ಬಳ್ಳಿ ಏರಿತು, ಮನೆಯವರು ಹಿಗ್ಗಿದರು. ಚೈತ್ರದ ಬಿಸಿಲಿಗೆ ಕಬ್ಬಿಣ ಕಾದು ಕುಡಿಗಳೆಲ್ಲ ಸುಟ್ಟು ಕಪ್ಪಾದವು. ಮನೆಯ ಹಿರಿಯಾಕೆ ಬೈಯಲಿಲ್ಲ. ಒಣಗಿದ ಬಳ್ಳಿಯನ್ನು ಬಿಡಿಸಿ ನನ್ನ ಕೈಯಲ್ಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಮರಳಿ ಮಾತಿಲ್ಲದೆ ಕುಳಿತಿದ್ದೆ. ತಂದೆಯವರು ಒಣಬಳ್ಳಿಯನ್ನು ತಿರುವಿ ನೋಡಿ, "ಒಲಿ ಮ್ಯಾಗಿನ ಹಂಚು ಇಳಿಸಾಕ ನಿಮ್ಮವ್ವ ಅರಿವಿ ಯಾಕ ಹಿಡೀತಾಳ? ಬಳ್ಳಿಗೂ ಅರಿವಿ ಬೇಕಲ್ಲೋ" ಎಂದರು. ಮರುದಿನವೇ ಹೋಗಿ ಕೊಂಬೆಗಳಿಗೆಲ್ಲ ತೆಂಗಿನ ನಾರಿನ ಹಗ್ಗ ಸುತ್ತಿದೆ. ಮರವನ್ನು ಕಿತ್ತು ಬೇವಿನ ನೆರಳಿಗೆ ಸರಿಸಿದೆ. ಬುಡದಿಂದ ಹೊಸ ಚಿಗುರು ಬಂದು, ಮುಂದಿನ ವರ್ಷ ಮತ್ತೆ ಏರಿತು.

ಆ ಸಲ ತಂದೆಯವರೂ ನೋಡಬಂದಿದ್ದರು. ನನ್ನ ಕಬ್ಬಿಣದ ಬೇವಿನೆಲೆಗಳನ್ನು ಬೆರಳಿನಿಂದ ಸವರಿ, "ಬೇವಿನ ಎಲಿ ಎರಡೂ ಕಡಿ ಸಮ ಇರಂಗಿಲ್ಲ" ಎಂದರು. ಮರದಿಂದ ಒಂದು ಎಲೆ ಕಿತ್ತು ನೋಡಿದೆ. ನಡುನರದ ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದು. ಮನೆಗೆ ಬಂದ ಮೇಲೆ ಅವರೇ ತಿದಿಯ ಧೂಳು ಝಾಡಿಸಿ, ಹಳೆಯ ಗುಳದ ತುಂಡನ್ನು ಕಾಯಿಸಿ ಒಂದು ಎಲೆ ಬಡಿದರು. ಅದನ್ನು ಆ ಮರದ ತುದಿಗೆ ಬೆಸೆದು ಬಂದೆ.

ಕೂಲಿಯೆಷ್ಟು ಎಂದು ನಗುತ್ತ ಕೇಳಿದೆ. "ಆಯ ಹಾಕು" ಎಂದರು. ಕೊಟ್ಟೂರಿನ ಸಂತೆಯಿಂದ ಒಂದು ಚೀಲ ಬಿಳಿಜೋಳ ತಂದು ಅವರ ಮುಂದಿಟ್ಟೆ.