ಏನೂ ಸಿಗಲಿಲ್ಲ ಎಂಬ ಫಲಿತಾಂಶ



ಈ ವಿಜ್ಞಾನ ಸಮ್ಮೇಳನದ ಅಧ್ಯಕ್ಷತೆಯ ಗೌರವವನ್ನು ನನಗೆ ಕೊಟ್ಟಿದ್ದೀರಿ. ನಾನು ಭೌತವಿಜ್ಞಾನದ ಮೇಷ್ಟ್ರು. ಪೀಠಿಕೆ ಮೊಟಕು ಮಾಡಿ ಪಾಠಕ್ಕೆ ಇಳಿಯುವುದು ರೂಢಿಯಾಗಿಬಿಟ್ಟಿದೆ.

ಆಹ್ವಾನ ಪತ್ರಿಕೆಯಲ್ಲಿ ನಾಲ್ಕು ಗೋಷ್ಠಿಗಳಿವೆ. ಒಂದು ಅರ್ಥಶಾಸ್ತ್ರದ್ದು, ಒಂದು ಕಣ ಭೌತವಿಜ್ಞಾನದ್ದು, ಒಂದು ಬೇರೆ ನಕ್ಷತ್ರಗಳ ಗ್ರಹಗಳ ಚಿತ್ರ ತೆಗೆಯುವ ವಿದ್ಯೆಯದ್ದು, ಇನ್ನೊಂದು ನುಂಗುವ ತೊಂದರೆಗಳದ್ದು. ಇದನ್ನು ನೋಡಿದ ಗೆಳೆಯರೊಬ್ಬರು, "ಅಡುಗೆಯವರನ್ನೂ ಒಂದು ಗೋಷ್ಠಿಗೆ ಕರೆಯಬಹುದಿತ್ತಲ್ಲ" ಎಂದು ಚುಚ್ಚಿದರು. ಕರೆಯಬೇಕಿತ್ತು, ನಿಜ. ಯಾಕೆಂದು ಆಮೇಲೆ ಹೇಳುತ್ತೇನೆ.

ಸಂಘಟಕರು ಈ ನಾಲ್ಕನ್ನು ಯಾವ ಲೆಕ್ಕದಲ್ಲಿ ಒಟ್ಟಿಗೆ ಕೂರಿಸಿದರೋ ತಿಳಿಯದು. ನನಗೆ ಮಾತ್ರ ಇವುಗಳಲ್ಲಿ ಒಂದು ಸಮಾನ ಸಂಗತಿ ಕಾಣುತ್ತದೆ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಈ ಕ್ಷೇತ್ರಗಳ ದಾರಿ ತಿದ್ದಿದ ಫಲಿತಾಂಶಗಳಲ್ಲಿ ಹಲವು "ಇಲ್ಲ", "ಕಾಣಲಿಲ್ಲ", "ವ್ಯತ್ಯಾಸವಾಗಲಿಲ್ಲ" ಎಂಬಂಥವು. ನಮ್ಮಲ್ಲಿ ಅಂಥ ಫಲಿತಾಂಶ ಬಂದರೆ ಸಂಶೋಧಕ ಮುಖ ಸಪ್ಪಗೆ ಮಾಡಿಕೊಳ್ಳುತ್ತಾನೆ, ಮಾರ್ಗದರ್ಶಕರು ವಿಷಯ ಬದಲಿಸಲು ಹೇಳುತ್ತಾರೆ. ಇವತ್ತು ನನ್ನ ತಕರಾರು ಇದರ ಮೇಲೆ.

ನಮ್ಮ ನೆಲದಿಂದಲೇ ಶುರು ಮಾಡೋಣ. ಕೋಲಾರದ ಚಿನ್ನದ ಗಣಿಗೆ ಭೌತವಿಜ್ಞಾನಿಗಳು ಇಳಿದದ್ದು 1950ರ ದಶಕದ ಆರಂಭದಲ್ಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ಮೊದಲಿಗರಲ್ಲಿ ಬಿ.ವಿ. ಶ್ರೀಕಂಠನ್ ಒಬ್ಬರು, ನಮ್ಮ ಮೈಸೂರು ಸೀಮೆಯವರು, ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟಿ ನೆಲಕ್ಕಿಳಿಯುತ್ತವೆ. ನಾನು ಮಾತಾಡುತ್ತಿರುವ ಈ ಹೊತ್ತಿನಲ್ಲೂ ನಿಮ್ಮ ನೆತ್ತಿಯ ಮೂಲಕ ಹಾಯ್ದು ಹೋಗುತ್ತಿವೆ. ಬಂಡೆಯ ಆಳಕ್ಕೆ ಹೋದಂತೆ ಅವು ಎಷ್ಟೆಷ್ಟು ಕಡಿಮೆಯಾಗುತ್ತವೆ ಎಂದು ಎಣಿಸುವುದು ಅವರ ಕೆಲಸ. ಗಣಿಯ ಒಂದೊಂದೇ ಮಟ್ಟದಲ್ಲಿ ಉಪಕರಣ ಇಟ್ಟು ಎಣಿಸುತ್ತಾ ಹೋದರು. 1960ರ ದಶಕದ ಆರಂಭದಲ್ಲಿ, ಸುಮಾರು 2.7 ಕಿ.ಮೀ. ಆಳದಲ್ಲಿ, ಸುಮಾರು ಎರಡು ತಿಂಗಳು ಕಾದರು. ಬಂದ ಎಣಿಕೆ ಸೊನ್ನೆ.

ಇಂದಿನ ಪಿಎಚ್‌.ಡಿ. ಸಮಿತಿಯೊಂದರ ಮುಂದೆ ಆ ಸೊನ್ನೆಯನ್ನು ಇಟ್ಟಿದ್ದರೆ "ಡೇಟಾ ಎಲ್ಲಿದೆಯಪ್ಪಾ?" ಎಂದು ಕೇಳುತ್ತಿದ್ದರು. ಗಣಿಯಲ್ಲಿದ್ದವರು ಅದನ್ನು ಬೇರೆಯೇ ರೀತಿ ಓದಿದರು. ಮ್ಯೂಯಾನ್‌ಗಳ ಗದ್ದಲವೇ ಇಲ್ಲದ ಜಾಗ ಎಂದರೆ ನ್ಯೂಟ್ರಿನೊ ಹಿಡಿಯಲು ಹೇಳಿ ಮಾಡಿಸಿದ ಜಾಗ. ನ್ಯೂಟ್ರಿನೊ ಇಡೀ ಭೂಮಿಯನ್ನೇ ತೂರಿ ಬರಬಲ್ಲದು. ಎಲ್ಲೋ ಅಪರೂಪಕ್ಕೆ ಬಂಡೆಯೊಳಗೆ ಡಿಕ್ಕಿ ಹೊಡೆದು ಒಂದು ಮ್ಯೂಯಾನನ್ನು ಹುಟ್ಟಿಸುತ್ತದೆ. ಮೇಲಿನಿಂದ ಸುರಿಯುವ ಮ್ಯೂಯಾನ್‌ಗಳು ಇಲ್ಲದ ಕಡೆ, ಅಡ್ಡದಿಕ್ಕಿನಲ್ಲಿ ಬಂದ ಆ ಒಂದನ್ನು ಗುರುತಿಸಬಹುದು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯ ಸೇರಿ 2.3 ಕಿ.ಮೀ. ಆಳದಲ್ಲಿ ಪ್ರಯೋಗ ಹೂಡಿದವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು 1965ರಲ್ಲಿ ಸಿಕ್ಕಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನೆಸ್ ಅವರ ತಂಡವೂ ಇದನ್ನೇ ಹುಡುಕುತ್ತಿತ್ತು. ಪ್ರಕಟಣೆಯಲ್ಲಿ ಕೋಲಾರ ಕೂದಲೆಳೆಯಷ್ಟು ಮುಂದಿತ್ತು.

ಅದೇ ಗಣಿಯ ಮುಂದಿನ ಅಧ್ಯಾಯವನ್ನು ನಾವು ಅಷ್ಟು ಉತ್ಸಾಹದಿಂದ ಹೇಳಿಕೊಳ್ಳುವುದಿಲ್ಲ. ಪ್ರೋಟಾನ್ ಶಾಶ್ವತವೇ, ಅದಕ್ಕೂ ಸಾವಿದೆಯೇ ಎಂಬ ಪ್ರಶ್ನೆ 1970ರ ದಶಕದಲ್ಲಿ ಜೋರಾಗಿ ಎದ್ದಿತು. ನೂರಕ್ಕೂ ಹೆಚ್ಚು ಟನ್ ಕಬ್ಬಿಣದ ನಡುವೆ ಪತ್ತೆ ಕೊಳವೆಗಳನ್ನು ಜೋಡಿಸಿ ಕೋಲಾರದವರು ಎಲ್ಲರಿಗಿಂತ ಮೊದಲು ಹುಡುಕಲು ಕುಳಿತರು. ಪ್ರೋಟಾನ್ ಕ್ಷಯ ಇರಬಹುದಾದ ಕೆಲವು ಘಟನೆಗಳನ್ನು 1981ರಲ್ಲಿ ಪ್ರಕಟಿಸಿದರು. ಆಮೇಲೆ ಅಮೆರಿಕದ ಉಪ್ಪಿನ ಗಣಿಯಲ್ಲೂ ಜಪಾನಿನ ಕಾಮಿಯೋಕಾದಲ್ಲೂ ಸಾವಿರಾರು ಟನ್ ನೀರಿನ ತೊಟ್ಟಿಗಳು ಬಂದವು. ಅವು ಕಾದವು, ಏನೂ ಕಾಣಲಿಲ್ಲ. ಕೋಲಾರದ ವಾದ ನಿಲ್ಲಲಿಲ್ಲ. ಈಗ ಕಾಮಿಯೋಕಾದ ಇನ್ನೂ ದೊಡ್ಡ ತೊಟ್ಟಿ ಸೂಪರ್ ಕಾಮಿಯೋಕಾಂಡೆ ಹೇಳುವ ಲೆಕ್ಕದಂತೆ, ಪ್ರೋಟಾನ್ ಒಂದು ಪಾಸಿಟ್ರಾನ್ ಮತ್ತು ಒಂದು ಪಯಾನ್ ಆಗಿ ಒಡೆಯುವುದಾದರೆ ಅದರ ಆಯುಷ್ಯ, ಒಂದರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಕ್ಕಿಂತಲೂ ಹೆಚ್ಚು. ಜಾರ್ಜೈ ಮತ್ತು ಗ್ಲಾಶೋ 1974ರಲ್ಲಿ ಮಂಡಿಸಿದ, ಪ್ರೋಟಾನಿಗೂ ಸಾವಿದೆ ಎಂದ ಚೆಲುವಾದ ಸಿದ್ಧಾಂತದ ಸರಳ ರೂಪ ಈ "ಕಾಣಲಿಲ್ಲ"ದ ಹೊಡೆತಕ್ಕೇ ಬಿದ್ದುಹೋಯಿತು. ಪ್ರೋಟಾನ್ ಸಾವಿಗೆಂದು ಕಟ್ಟಿದ ಜಪಾನಿನ ಆ ಮೊದಲ ತೊಟ್ಟಿಗೆ 1987ರ ಫೆಬ್ರುವರಿಯಲ್ಲಿ ಒಂದು ನಕ್ಷತ್ರದ ಸಾವಿನ ನ್ಯೂಟ್ರಿನೊಗಳು ಬಂದು ಬಿದ್ದವು. ಆ ಪ್ರಯೋಗ ನಡೆಸಿದ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂತು. ಕೋಲಾರದ ಗಣಿ ಮಾತ್ರ 2001ರಲ್ಲಿ ಮುಚ್ಚಿತು. ಮುಚ್ಚಿದ್ದು ಚಿನ್ನದ ಲೆಕ್ಕಾಚಾರದಿಂದ. ವಿಜ್ಞಾನದ ಲೆಕ್ಕವನ್ನು ಯಾರೂ ಹಾಕಲಿಲ್ಲ ಎಂಬುದು ನನ್ನ ಅಸಮಾಧಾನ.

ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸೆರ್ನ್‌ನ ಕಥೆ ನಿಮಗೆಲ್ಲ ಗೊತ್ತಿರುವುದೇ. 2015ರ ಡಿಸೆಂಬರಿನಲ್ಲಿ ಎರಡು ಪ್ರಯೋಗಗಳ ನಕ್ಷೆಯಲ್ಲೂ 750 ಜಿಇವಿ ಸುಮಾರಿಗೆ, ಹೊಸ ಕಣವಿರಬಹುದೆಂಬ ಆಸೆ ಹುಟ್ಟಿಸಿದ ಒಂದು ಉಬ್ಬು ಕಂಡಿತು, ಎಂಟು ತಿಂಗಳಲ್ಲಿ ನೂರಾರು ಸಿದ್ಧಾಂತ ಪ್ರಬಂಧಗಳು ಬಂದವು, 2016ರ ಆಗಸ್ಟಿನಲ್ಲಿ ಹೆಚ್ಚಿನ ಡೇಟಾ ಬಂದು ಉಬ್ಬು ಅಳಿಸಿಹೋಯಿತು. ಉಬ್ಬು ಕಂಡಿದೆ ಎಂದ ಅದೇ ತಂಡಗಳು ಇಲ್ಲ ಎಂದೂ ತಾವೇ ಸಾರಿದವು. ನನಗೆ ಮೆಚ್ಚುಗೆಯಾದದ್ದು ಅದು.

ಇನ್ನು ಆಕಾಶ. ನಕ್ಷತ್ರದ ಪಕ್ಕದ ಗ್ರಹವನ್ನು ನೇರವಾಗಿ ಚಿತ್ರದಲ್ಲಿ ಹಿಡಿಯುವುದು ಯಾಕೆ ಕಷ್ಟ ಎಂದರೆ, ನಮ್ಮ ಭೂಮಿ ದೂರದಿಂದ ಸೂರ್ಯನಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಮಂಕಾಗಿ ಕಂಡೀತು. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ದೂರದ ದಾರಿ ನೋಡುತ್ತೇವಲ್ಲ, ಕರೋನಾಗ್ರಾಫ್ ಮಾಡುವುದೂ ಅದನ್ನೇ: ನಕ್ಷತ್ರವನ್ನು ಮರೆಮಾಡುವುದು. ಬರ್ನಾರ್ ಲಿಯೋ 1930ರ ದಶಕದಲ್ಲಿ ಸೂರ್ಯನ ಕರೋನ ನೋಡಲು ಇದನ್ನು ಕಂಡುಹಿಡಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಜೋಡಿಸಿ ಆದಿತ್ಯ ಎಲ್-1 ನೌಕೆಯಲ್ಲಿ 2023ರಲ್ಲಿ ಕಳಿಸಿದ್ದೂ ಇದೇ ಜಾತಿಯ ಉಪಕರಣ. ಆದರೆ ಮರೆ ಮಾಡಿದರೂ ಬೆಳಕು ಸೋರಿ ಚುಕ್ಕೆ ಚುಕ್ಕೆಯಾಗಿ ಹರಡುತ್ತದೆ. ಆ ಚುಕ್ಕೆಗಳಲ್ಲಿ ಯಾವುದು ಗ್ರಹ, ಯಾವುದು ದೂರದರ್ಶಕದ ಚೇಷ್ಟೆ? ಕ್ರಿಸ್ಟಿಯನ್ ಮರ್ವಾ ಅವರ ಉಪಾಯ ಸೊಗಸಾಗಿದೆ. ಭೂಮಿ ತಿರುಗಿದಂತೆ ಆಕಾಶದ ದೃಶ್ಯ ಕ್ಯಾಮೆರಾದ ಮುಂದೆ ನಿಧಾನವಾಗಿ ತಿರುಗಲು ಬಿಡುವುದು. ಉಪಕರಣದ ಚುಕ್ಕೆ ಇದ್ದಲ್ಲೇ ಇರುತ್ತದೆ, ಗ್ರಹ ಸರಿಯುತ್ತದೆ. ಸರಿಯದ್ದನ್ನೆಲ್ಲ ಕಳೆದರೆ ಉಳಿದದ್ದು ಗ್ರಹ. 2008ರಲ್ಲಿ ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತ ಮೂರು ಗ್ರಹಗಳು ಹೀಗೆ ಸಿಕ್ಕವು, 2010ರಲ್ಲಿ ನಾಲ್ಕನೆಯದು.

ಗಮನಿಸಬೇಕಾದದ್ದು ಮುಂದಿನದು. ಹಬಲ್ ದೂರದರ್ಶಕ ಅದೇ ನಕ್ಷತ್ರದ ಚಿತ್ರವನ್ನು 1998ರಲ್ಲೇ ತೆಗೆದಿತ್ತು. ಆಗ ಯಾವ ಗ್ರಹವೂ ಕಂಡಿರಲಿಲ್ಲ. ಚಿತ್ರವನ್ನು ಯಾರೂ ಎಸೆಯಲಿಲ್ಲ. ಹೊಸ ಲೆಕ್ಕದಲ್ಲಿ ಹಳೆಯ ಚಿತ್ರವನ್ನು ಮತ್ತೆ ಸೋಸಿದಾಗ 2009ರಲ್ಲಿ ಹೊರಗಿನ ಗ್ರಹ ಅಲ್ಲೇ ಕಂಡಿತು! ಹತ್ತು ವರ್ಷ ಹಿಂದಿನ ಸ್ಥಾನ ಗೊತ್ತಾದದ್ದರಿಂದ ಅದರ ಕಕ್ಷೆಯ ಲೆಕ್ಕಕ್ಕೂ ಬಲ ಬಂತು. ಇದಕ್ಕೆ ತಿರುಗಾಮುರುಗಾ ಫೋಮಲ್‌ಹಾಟ್ ಬಿ. 2008ರಲ್ಲೇ ಗ್ರಹವೆಂದು ಪ್ರಕಟವಾಯಿತು, 2014ರ ಚಿತ್ರಗಳಲ್ಲಿ ಮಾಯವಾಯಿತು. ಅದು ಎರಡು ಕಾಯಗಳು ಡಿಕ್ಕಿ ಹೊಡೆದೆದ್ದ ಧೂಳಿನ ಮೋಡವಿರಬೇಕೆಂದು 2020ರಲ್ಲಿ ಇಬ್ಬರು ವಿಜ್ಞಾನಿಗಳು ತೋರಿಸಿದರು. ಜೆಮಿನಿ ದೂರದರ್ಶಕದ ಸಮೀಕ್ಷೆಯ ಮೊದಲ 300 ನಕ್ಷತ್ರಗಳಲ್ಲಿ ಕಂಡ ಗ್ರಹಗಳು ಆರೇ ಆರು. ಉಳಿದ ಖಾಲಿ ಚಿತ್ರಗಳನ್ನೂ ಲೆಕ್ಕಕ್ಕೆ ಹಿಡಿದಿದ್ದರಿಂದಲೇ, ನಕ್ಷತ್ರದಿಂದ ಬಹುದೂರದಲ್ಲಿ ದೈತ್ಯ ಗ್ರಹಗಳು ಅಪರೂಪ ಎಂದು ಹೇಳಲು ಸಾಧ್ಯವಾಯಿತು.

ಈಗ ಗಂಟಲಿಗೆ ಬರೋಣ. ನಾಲ್ಕು ಗೋಷ್ಠಿಗಳಲ್ಲಿ ಅತ್ಯಂತ ಕಡಿಮೆ ಜನ ಸೇರುವುದು ಇದಕ್ಕೇ ಎಂದು ನನ್ನ ಊಹೆ. ದಯವಿಟ್ಟು ಹೋಗಿ. ಒಂದು ಗುಟುಕು ನೀರು ಗಂಟಲು ದಾಟಲು ಬೇಕಾದದ್ದು ಸುಮಾರು ಒಂದು ಸೆಕೆಂಡು. ಅಷ್ಟರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಜೋಡಿ ಸ್ನಾಯುಗಳು ಹೊಂದಿಕೊಂಡು ಕೆಲಸ ಮಾಡಬೇಕು: ಧ್ವನಿಪೆಟ್ಟಿಗೆ ಮೇಲೇರಬೇಕು, ಕಿರುನಾಲಿಗೆಗೂ ಕೆಳಗಿನ ಮುಚ್ಚಳ ಮಗುಚಬೇಕು, ಉಸಿರು ನಿಲ್ಲಬೇಕು, ಅನ್ನನಾಳದ ಬಾಯಿ ತೆರೆಯಬೇಕು. ನಮಗೆ ನೆತ್ತಿಗೆ ಹತ್ತಿದರೆ ಕೆಮ್ಮುತ್ತೇವೆ, ಪಕ್ಕದವರು ತಲೆ ತಟ್ಟಿ "ಯಾರೋ ನೆನೆಸಿಕೊಂಡರು" ಎನ್ನುತ್ತಾರೆ. ಲಕ್ವ ಹೊಡೆದವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಕೆಲವರಿಗೆ ಆ ಕೆಮ್ಮೂ ಬರುವುದಿಲ್ಲ. ಅಮೆರಿಕದ ಜೆರಿ ಲೋಗ್‌ಮನ್ ರೂಢಿಗೆ ತಂದ ಪರೀಕ್ಷೆಯಲ್ಲಿ ರೋಗಿಯನ್ನು ಕುರ್ಚಿಯಲ್ಲಿ ನೇರ ಕೂರಿಸಿ, ಬೇರಿಯಂ ಬೆರೆಸಿದ ದ್ರವ ಕುಡಿಸಿ, ಪಕ್ಕದಿಂದ ಎಕ್ಸ್-ರೇ ಚಲನಚಿತ್ರ ತೆಗೆಯುತ್ತಾರೆ. ನಾಲಿಗೆಯ ಬುಡದಿಂದ ಕಪ್ಪು ದ್ರವ ಇಳಿಯುವುದು ಪರದೆಯಲ್ಲಿ ಕಾಣುತ್ತದೆ. ಮುಕ್ಕಾಲು ಪಾಲು ಹಿಂದಿನ ದಾರಿ ಹಿಡಿಯುತ್ತದೆ. ಒಂದು ತೆಳು ಗೆರೆ ಮುಂದಕ್ಕೆ ಜಾರಿ ಧ್ವನಿತಂತುಗಳ ಕೆಳಗೆ, ಶ್ವಾಸನಾಳಕ್ಕೆ ಇಳಿಯುತ್ತದೆ. ರೋಗಿ ಕೆಮ್ಮುವುದಿಲ್ಲ, ಹುಬ್ಬೂ ಗಂಟಿಕ್ಕುವುದಿಲ್ಲ. "ಚೆನ್ನಾಗಿ ಕುಡಿದೆನಲ್ಲ?" ಎಂಬಂತೆ ನೋಡುತ್ತಾರೆ.

ಇದಕ್ಕೆ ಬಹುಕಾಲದ ಉಪಚಾರ, ದ್ರವವನ್ನು ಗಟ್ಟಿ ಮಾಡಿ ಕೊಡುವುದು. ಗಟ್ಟಿಯಾದದ್ದು ನಿಧಾನ ಇಳಿಯುತ್ತದೆ, ದಾರಿ ತಪ್ಪುವುದಿಲ್ಲ. ಯಾರ ಬುದ್ಧಿಗೂ ಒಪ್ಪುವ ಮಾತು. ಲೋಗ್‌ಮನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗೆ ಒಡ್ಡಿದರು. ಎಕ್ಸ್-ರೇ ಪರದೆಯ ಮೇಲೆ, ಜೇನಿನಷ್ಟು ಮಂದವಾದ ದ್ರವವೇ ಗೆದ್ದಿತು. ಆಮೇಲೆ ಡಿಮೆನ್ಶಿಯ ಎಂಬ ಮರೆವಿನ ಕಾಯಿಲೆ ಅಥವಾ ಪಾರ್ಕಿನ್ಸನ್ ಇರುವ 515 ಹಿರಿಯರನ್ನು ಗುಂಪು ಮಾಡಿ ಮೂರು ತಿಂಗಳು ನೋಡಿದರು. ಫಲಿತಾಂಶ 2008ರಲ್ಲಿ ಬಂತು. ಗದ್ದ ಎದೆಗೆ ತಾಗಿಸಿ ಸಾಮಾನ್ಯ ನೀರನ್ನೇ ಕುಡಿದವರಲ್ಲಿ ನ್ಯುಮೋನಿಯ ಶೇ. 9.8, ಗಟ್ಟಿ ದ್ರವ ಕುಡಿದವರಲ್ಲಿ ಶೇ. 11.6. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಗಟ್ಟಿ ದ್ರವದವರಲ್ಲಿ ಮೈಯ ನೀರಿನಂಶ ಬತ್ತಿದ್ದೇ ಹೆಚ್ಚು. ಪರದೆಯ ಮೇಲೆ ಗೆದ್ದದ್ದು ಹಾಸಿಗೆಯಲ್ಲಿ ಗೆಲ್ಲಲಿಲ್ಲ. ಈ ಫಲಿತಾಂಶವನ್ನು ತಮ್ಮ ನಂಬಿಕೆಗೆ ವಿರುದ್ಧವೆಂದು ಅವರು ಬಚ್ಚಿಟ್ಟಿದ್ದರೆ, ಯಾರ ಮನೆಯ ಅಜ್ಜಿಯೋ ಬಾಯಾರಿದರೂ ಬೇಡದ ಅಂಟು ನೀರನ್ನು ಪ್ರಶ್ನೆಯಿಲ್ಲದೆ ಕುಡಿಯುತ್ತಿದ್ದರು.

ಅಡುಗೆಯವರನ್ನು ಕರೆಯಬೇಕಿತ್ತು ಎಂದದ್ದು ಇಲ್ಲಿಗಾಗಿ. ಆಹಾರದ ಗಟ್ಟಿತನಕ್ಕೆ ಈಗ ಸೊನ್ನೆಯಿಂದ ಏಳರವರೆಗೆ ಅಂತರರಾಷ್ಟ್ರೀಯ ಮಟ್ಟಗಳಿವೆ. ನಮ್ಮ ರಾಗಿಮುದ್ದೆಯನ್ನು ಎಲ್ಲಿ ಕೂರಿಸುತ್ತೀರಿ? ಅದು ಅಗಿಯುವ ಪದಾರ್ಥವೇ ಅಲ್ಲ. ಸಾರಿನಲ್ಲಿ ಅದ್ದಿ ನುಂಗುವುದು. ಅಂಬಲಿ ಹೊತ್ತು ಕಳೆದಂತೆ, ಆರಿದಂತೆ ಮಂದವಾಗುತ್ತದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕಲಿತವರು ಇವತ್ತು ಸಭೆಯಲ್ಲೂ ಇರಬಹುದು. ನಮ್ಮ ಹಳ್ಳಿಯ ರೋಗಿಯ ತಟ್ಟೆಯಲ್ಲಿರುವುದನ್ನೇ ಅಳೆದು ನೋಡುವ ಕೆಲಸ ನಮ್ಮವರದ್ದೇ. ಮುದ್ದೆಯಿಂದ ಅನುಕೂಲವೂ ಇಲ್ಲ, ತೊಂದರೆಯೂ ಇಲ್ಲ ಎಂದು ಬಂದರೂ ಅದು ಪ್ರಕಟವಾಗಬೇಕು.

ಅರ್ಥಶಾಸ್ತ್ರದ ಗೋಷ್ಠಿಯವರು ನನ್ನ ಮೇಲೆ ಮುನಿಯಬಾರದು, ಅವರಿಗೆ ಉಳಿದ ಸಮಯ ಸ್ವಲ್ಪ. ಹೈದರಾಬಾದಿನ 104 ಬಡಾವಣೆಗಳಲ್ಲಿ ಚೀಟಿ ಎತ್ತಿದಂತೆ 52ನ್ನು ಆರಿಸಿ, ಅಲ್ಲಿ ಮಾತ್ರ ಮೊದಲು ಕಿರುಸಾಲದ ಶಾಖೆ ತೆರೆಸಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅಧ್ಯಯನ ಮಾಡಿದರು. ಆಗ ಕಿರುಸಾಲದಿಂದ ಬಡತನ ಓಡಿಹೋಗುತ್ತದೆ ಎಂಬ ಮಾತು ಜೋರಾಗಿತ್ತು. ಕಂಡದ್ದು ಇಷ್ಟು: ಕೆಲವರು ಅಂಗಡಿಗೆ ಬಂಡವಾಳ ಹಾಕಿದರು, ಮನೆಗೆ ಬಾಳಿಕೆಯ ಸಾಮಾನು ತಂದರು, ತಂಬಾಕು ಎಲೆಅಡಿಕೆಯಂಥ ಖರ್ಚು ತುಸು ಇಳಿಯಿತು. ಸರಾಸರಿ ಮನೆಯ ಒಟ್ಟು ಖರ್ಚು ಏರಲಿಲ್ಲ. ಆರೋಗ್ಯ, ಶಿಕ್ಷಣ, ಹೆಂಗಸರ ಮಾತಿನ ತೂಕ ಬದಲಾಗಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊಗಳಿಂದಲೂ ಹೆಚ್ಚುಕಡಿಮೆ ಇದೇ ಮಾತು ಬಂತು. ಆರೂ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಾಲ ಕೆಟ್ಟದ್ದೆಂದು ಅವರು ಹೇಳಲಿಲ್ಲ, ಪವಾಡವಲ್ಲ ಎಂದರು. ಹತ್ತು ವರ್ಷದ ನಂತರ, 2025ರಲ್ಲಿ, ಕಿರುಸಾಲದ ಬಲವಂತದ ವಸೂಲಿ ತಡೆಯಲು ನಮ್ಮ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ತಣ್ಣನೆಯ ಫಲಿತಾಂಶವನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದರು?

ಆದ್ದರಿಂದ ನನ್ನ ಬೇಡಿಕೆ ನೇರವಾಗಿದೆ. ವಿಶ್ವವಿದ್ಯಾಲಯದ ಹಿರಿಯರು ಇಲ್ಲಿದ್ದೀರಿ. ಪ್ರಶ್ನೆ ಸರಿಯಾಗಿದ್ದು, ವಿಧಾನ ಸರಿಯಾಗಿದ್ದರೆ, "ಪರಿಣಾಮ ಕಾಣಲಿಲ್ಲ" ಎಂಬ ಮಹಾಪ್ರಬಂಧಕ್ಕೂ ಪದವಿ ಕೊಡಿ. ಇನ್ನೊಬ್ಬರ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದನ್ನು ನಕಲು ಎಂದು ಹೀಗಳೆಯಬೇಡಿ. ಮೂಲ ಡೇಟಾವನ್ನು ಸಂಶೋಧಕನ ಪೆನ್‌ಡ್ರೈವಿನಲ್ಲಿ ಬಿಡದೆ ಗ್ರಂಥಾಲಯದಲ್ಲಿ ಇರಿಸಿ. ಪತ್ರಕರ್ತ ಮಿತ್ರರು ಉಬ್ಬು ಕಂಡ ದಿನ ಮುಖಪುಟದಲ್ಲಿ ಹಾಕಿದ್ದನ್ನು, ಅಳಿದ ದಿನ ಒಳಪುಟದಲ್ಲಾದರೂ ಹಾಕಿ. ಈ ಸಮ್ಮೇಳನದ ಪ್ರಬಂಧ ಸಂಪುಟದಲ್ಲಿ ಏನೂ ಸಿಗದ ಪ್ರಯೋಗಗಳಿಗೆಂದೇ ಒಂದು ಭಾಗ ಇರಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ವಿದ್ಯಾರ್ಥಿಗಳೆ, ನಿಮ್ಮ ಬಳಿ ಅಂಥದ್ದು ಇದ್ದರೆ ಕನ್ನಡದಲ್ಲಿ ಬರೆದು, ಅಳತೆಯ ಪಟ್ಟಿಯನ್ನೂ ಜೊತೆಗಿಟ್ಟು ಕಳುಹಿಸಿಕೊಡಿ.