ಕಾರಿನ ಸೆಂಟ್ರಲ್ ಲಾಕ್ ಮತ್ತು ಗ್ರಾಮದ ಮಕ್ಕಳ ಸುರಕ್ಷತೆ
(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಲಿಖಿತ ರೂಪ)



ಗುಂಡ್ಲುಪೇಟೆಯಿಂದ ಬಂಡೀಪುರದ ಅರಣ್ಯ ರಸ್ತೆಗೆ ಇಳಿಯುವ ಪ್ರತಿಯೊಬ್ಬ ಚಾಲಕನೂ ಗಾಜು ಏರಿಸಿ, ಬಾಗಿಲುಗಳನ್ನು ಲಾಕ್ ಮಾಡಿಕೊಂಡೇ ಮುಂದುವರಿಯತಕ್ಕದ್ದು. ಅಲ್ಲಿ ಸೆಂಟ್ರಲ್ ಲಾಕ್ ಎಂಬುದು ರಕ್ಷಣೆ. ಅದೇ ಕಾರು ಊರಿಗೆ ಮರಳಿ, ಬೇಸಿಗೆಯ ಮಧ್ಯಾಹ್ನ ಮನೆಯ ಮುಂದೆ ಬಿಸಿಲಿನಲ್ಲಿ ನಿಂತಾಗ, ಅದೇ ಲಾಕ್ ಮಗುವಿನ ಪ್ರಾಣಕ್ಕೆ ಎರವಾಗಬಲ್ಲದು.

ಇದು ಕೇವಲ ನಗರದ ಸಮಸ್ಯೆಯೆಂದು ಭಾವಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ದ್ವಾರಪೂಡಿ ಗ್ರಾಮದಲ್ಲಿ, ನಿಂತಿದ್ದ ಕಾರಿನೊಳಗೆ ಸಿಲುಕಿ ನಾಲ್ವರು ಮಕ್ಕಳು ಅಸುನೀಗಿದರು. ಅದಕ್ಕೂ ಒಂದು ತಿಂಗಳು ಮೊದಲು ತೆಲಂಗಾಣದ ಚೇವೆಳ್ಳ ಭಾಗದ ದಾಮರಗಿದ್ದ ಗ್ರಾಮದಲ್ಲಿ ಇಬ್ಬರು ಪುಟ್ಟ ಬಾಲಕಿಯರು ಹೀಗೆಯೇ ಮೃತಪಟ್ಟರು. ಎರಡೂ ಹಳ್ಳಿಗಳೇ, ಕಾರುಗಳು ನಿಂತಿದ್ದುದು ಜನವಸತಿಯ ನಡುವೆಯೇ.

ಸೆಂಟ್ರಲ್ ಲಾಕ್‌ನಲ್ಲಿ ಪ್ರತಿ ಬಾಗಿಲಿಗೂ ಒಂದು ಪುಟ್ಟ ಮೋಟಾರ್ ಇದ್ದು, ಒಂದು ಗುಂಡಿ ಒತ್ತಿದೊಡನೆ ಎಲ್ಲ ಬಾಗಿಲುಗಳೂ ಒಟ್ಟಿಗೆ ಬಂದ್ ಆಗುತ್ತವೆ. ಇದರ ಜೊತೆಗೆ ಹಿಂದಿನ ಬಾಗಿಲುಗಳ ಅಂಚಿನಲ್ಲಿ ಚೈಲ್ಡ್ ಲಾಕ್ ಎಂಬ ಸಣ್ಣ ಕೊಕ್ಕೆಯೊಂದಿರುತ್ತದೆ. ಬಾಗಿಲು ತೆರೆದಾಗ ಮಾತ್ರ ಅದು ಕಾಣುತ್ತದೆ. ಅದನ್ನು ಹಾಕಿದ್ದರೆ ಒಳಗಿನ ಹಿಡಿಯನ್ನು ಎಷ್ಟು ಎಳೆದರೂ ಹಿಂದಿನ ಬಾಗಿಲು ತೆರೆಯದು, ಹೊರಗಿನವರೇ ತೆರೆಯಬೇಕು. ಕಣ್ಣಾಮುಚ್ಚಾಲೆ ಆಡುತ್ತ ಹಿಂದಿನ ಸೀಟಿಗೆ ಹತ್ತಿ ಬಾಗಿಲೆಳೆದುಕೊಂಡ ಮಗುವಿಗೆ ಇದೇ ಬಲೆ. ಮುಂದಿನ ಸೀಟಿಗೆ ದಾಟಿ ಅಲ್ಲಿನ ಬಾಗಿಲನ್ನು ತೆರೆಯಬಹುದೆಂಬುದು ಅದಕ್ಕೆ ಹೊಳೆಯುವುದಿಲ್ಲ. ಕೀಲಿ ತಿರುಗಿಸದೆ ಪವರ್ ವಿಂಡೋ ಇಳಿಯುವುದೂ ಇಲ್ಲ.

ಇನ್ನು ಬಿಸಿಲಿನ ಲೆಕ್ಕ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇರುವ ದಿನ, ಗಾಜು ಮುಚ್ಚಿ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಮೊದಲ 10 ನಿಮಿಷದಲ್ಲೇ ಸುಮಾರು 10 ಡಿಗ್ರಿಯಷ್ಟು ಏರುತ್ತದೆ. ಅರ್ಧ ಗಂಟೆಯೊಳಗೆ 50 ಡಿಗ್ರಿಯನ್ನು ದಾಟಬಲ್ಲದು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ದೊಡ್ಡವರಿಗಿಂತ ಮಕ್ಕಳ ದೇಹ ಬಹುಬೇಗ ಬಿಸಿಯಾಗುತ್ತದೆ. ದೇಹದ ಒಳ ಉಷ್ಣತೆ 40 ಡಿಗ್ರಿ ಮುಟ್ಟಿತೆಂದರೆ ಅದು ಉಷ್ಣಾಘಾತ. ನಿದ್ರಿಸುತ್ತಿರುವ ಕೂಸನ್ನು ಎಬ್ಬಿಸಲು ಮನಸ್ಸಾಗದೆ ಕಾರಿನಲ್ಲೇ ಬಿಟ್ಟು ದೇವರ ದರ್ಶನಕ್ಕೋ ಹೂವಿನ ಹೊಲದ ಚಿತ್ರ ತೆಗೆಯಲೋ ಹೋಗುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳು ಬುಡದಲ್ಲೇ ನಿಂತು, ಭಕ್ತರು ಸಾರಿಗೆ ಬಸ್ಸಿನಲ್ಲಿ ಮೇಲೇರುತ್ತಾರೆ; ಮರಳಿ ಬರುವಷ್ಟರಲ್ಲಿ ಅರ್ಧ ಗಂಟೆ ಎಂದೋ ಮೀರಿರುತ್ತದೆ.

2019ರ ಜುಲೈ 1ರ ನಂತರ ತಯಾರಾದ ಕಾರುಗಳಲ್ಲಿ, ವಿದ್ಯುತ್ ಕೈಕೊಟ್ಟರೂ ಕೈಯಿಂದಲೇ ಲಾಕ್ ಬಿಡಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಅದೇ ದಿನಾಂಕದಿಂದ ಬಾಡಿಗೆ ಕಾರುಗಳ ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್ ಇರಕೂಡದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಇದರ ಉದ್ದೇಶ ಮಹಿಳಾ ಪ್ರಯಾಣಿಕರ ರಕ್ಷಣೆ. ಆದರೆ ಹಳ್ಳಿಗಳಿಗೆ ಬರುವ ಕಾರುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳು ಬಹಳ. ಕೆಲವಕ್ಕೆ ಪೇಟೆಯ ಅಂಗಡಿಯಲ್ಲಿ ತರುವಾಯ ಸೆಂಟ್ರಲ್ ಲಾಕ್ ಜೋಡಿಸಲಾಗಿರುತ್ತದೆ. ಕಾರು ಮನೆಗೆ ಬಂದ ದಿನ ಆರತಿ ಬೆಳಗಿ, ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೆ ಇರುವ ವ್ಯವಧಾನ, ನಾಲ್ಕೂ ಬಾಗಿಲುಗಳನ್ನು ಒಳಗಿನಿಂದ ತೆರೆದು ನೋಡುವುದಕ್ಕೆ ಯಾರಿಗೂ ಇದ್ದಂತಿಲ್ಲ.

ಮಾಲೀಕರು ಕಾರಿನಿಂದ ಇಳಿದ ಕೂಡಲೇ ಹಿಂದಿನ ಸೀಟನ್ನು ನೋಡಿ, ಲಾಕ್ ಮಾಡಿ, ಹಿಡಿ ಎಳೆದು ಪರೀಕ್ಷಿಸಬೇಕು. ಬೀಗ ಹಾಕದ ಕಾರೇ ಮಕ್ಕಳನ್ನು ಒಳಗೆ ಕರೆಯುವುದು. ಕೀಲಿಯನ್ನು ಮಕ್ಕಳ ಕೈಗೆ ಎಟುಕುವ ಮೊಳೆಗೆ ನೇತುಹಾಕಕೂಡದು. ಕೆಟ್ಟು ನಿಂತ ಕಾರುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗ್ಯಾರೇಜಿನ ಪಕ್ಕದಲ್ಲಿ, ಹಿತ್ತಿಲಿನಲ್ಲಿ, ಖಾಲಿ ನಿವೇಶನದಲ್ಲಿ ತಿಂಗಳುಗಟ್ಟಲೆ ನಿಂತ ಇಂಥ ವಾಹನಗಳು ಯಾವ ಬೀದಿಯಲ್ಲಿವೆ ಎಂಬುದು ವಾರ್ಡಿನ ಸದಸ್ಯರಿಗೆ ತಿಳಿದಷ್ಟು ಬೇರಾರಿಗೂ ತಿಳಿಯದು.

ಮಗು ಕಾಣೆಯಾದರೆ ಬಾವಿ, ಕೆರೆಗಳ ಕಡೆಗೆ ಜನ ಓಡುವುದು ಸಹಜ; ಸುತ್ತಮುತ್ತ ನಿಂತ ಕಾರುಗಳನ್ನೂ ಅವುಗಳ ಡಿಕ್ಕಿಯನ್ನೂ ಆ ಮೊದಲ ನಿಮಿಷಗಳಲ್ಲೇ ತೆರೆದು ನೋಡಬೇಕು. ಒಳಗೆ ಮಗು ಸಿಲುಕಿದ್ದರೆ ಎಲ್ಲ ಬಾಗಿಲುಗಳನ್ನೂ ಎಳೆದು ನೋಡಿ, ಕೀಲಿ ಹತ್ತಿರವಿಲ್ಲದಿದ್ದರೆ ಮಾಲೀಕನ ದಾರಿ ಕಾಯುತ್ತ ನಿಲ್ಲದೆ ಗಾಜು ಒಡೆಯಬೇಕು. ಮುಂದಿನ ದೊಡ್ಡ ಗಾಜು ಪದರದ ಗಾಜಾದ್ದರಿಂದ ಸುಲಭಕ್ಕೆ ಬಿಡುವುದಿಲ್ಲ. ಮಗುವಿನಿಂದ ದೂರವಿರುವ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯಿಂದಲೋ ಚೂಪಾದ ಕಲ್ಲಿನಿಂದಲೋ ಹೊಡೆದರೆ ಅದು ಕಾಳುಕಾಳಾಗಿ ಉದುರುತ್ತದೆ; ಕೈಗೆ ಗೋಣಿಚೀಲ ಸುತ್ತಿಕೊಳ್ಳುವುದು ಒಳಿತು. ಮಗುವನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯನ್ನು ಒದ್ದೆ ಮಾಡಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಕೂಡದು.

ಮಕ್ಕಳಿಗೂ ಕಲಿಸಬೇಕಾದುದು ಸ್ವಲ್ಪವೇ: ಹಿಂದಿನ ಬಾಗಿಲು ತೆರೆಯದಿದ್ದರೆ ಮುಂದಿನ ಸೀಟಿಗೆ ದಾಟುವುದು, ಲಾಕಿನ ಗುಬ್ಬಿಯನ್ನು ಮೇಲೆತ್ತಿ ಹಿಡಿ ಎಳೆಯುವುದು, ಹಾರನ್ ಒತ್ತುತ್ತಲೇ ಇರುವುದು. ಅನೇಕ ಕಾರುಗಳಲ್ಲಿ ಕೀಲಿ ಇಲ್ಲದಿದ್ದರೂ ಹಾರನ್ ಮೊಳಗುತ್ತದೆ. ಮಕ್ಕಳ ಗ್ರಾಮಸಭೆಯ ದಿನ ಪಂಚಾಯಿತಿ ಕಚೇರಿಯ ಆವರಣಕ್ಕೆ ಊರಿನದೇ ಒಂದು ಕಾರನ್ನು ತರಿಸಿ, ನೆರಳಿನಲ್ಲಿ ನಿಲ್ಲಿಸಿ, ಗಾಜುಗಳನ್ನು ಇಳಿಸಿ, ಅಂಗನವಾಡಿ ಕಾರ್ಯಕರ್ತೆಯರ ಸಮ್ಮುಖದಲ್ಲಿ ಪ್ರತಿ ಮಗುವಿನಿಂದಲೂ ಇದನ್ನು ಒಮ್ಮೆ ಮಾಡಿಸಬಹುದು. ಹಾರನ್ ಒತ್ತಲು ಮಕ್ಕಳನ್ನು ಒತ್ತಾಯಿಸುವ ಅಗತ್ಯವಂತೂ ಬೀಳಲಾರದು.